ಫಿಲ್ಟರ್ ಇರಲಿ, ಕೇಳುವ ದಾರಿಯೂ ಇರಲಿ

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇಂಟರ್ನೆಟ್ ಫಿಲ್ಟರ್ ಇರುವುದನ್ನು ನಾನು ವಿರೋಧಿಸುವುದಿಲ್ಲ. ಅಶ್ಲೀಲತೆ, ಜೂಜು, ವಂಚನೆಯ ತಾಣಗಳು ನಮಗೆ ಬೇಡ. ಆದರೆ ಪದ ನೋಡಿ ತಡೆಯುವ ಫಿಲ್ಟರಿಗೆ ಅರ್ಥ ಗೊತ್ತಾಗುವುದಿಲ್ಲ. 1996ರಲ್ಲಿ ಎಒಎಲ್ ಕಂಪನಿಯ ಫಿಲ್ಟರ್ ಇಂಗ್ಲೆಂಡಿನ ಸ್ಕಂಥೋರ್ಪ್ ಪಟ್ಟಣದವರಿಗೆ ಖಾತೆ ತೆರೆಯಲು ಬಿಡಲಿಲ್ಲ. ಆ ಊರಿನ ಹೆಸರಿನೊಳಗೆ ಒಂದು ಕೆಟ್ಟ ಪದದ ಅಕ್ಷರಗಳಿದ್ದವು! ಜೀವಶಾಸ್ತ್ರದ ಸಂತಾನೋತ್ಪತ್ತಿ ಪಾಠಕ್ಕೆ ಚಿತ್ರ ಹುಡುಕುವವರಿಗೂ ಇದೇ ಗತಿಯಾಗಬಹುದು. ಫೋನ್ ಇದ್ದವರು ಮನೆಯಲ್ಲಿ ನೋಡಿಕೊಳ್ಳುತ್ತಾರೆ. ಲ್ಯಾಬನ್ನೇ ನಂಬಿದವರು ಏನು ಮಾಡಬೇಕು?

ಅಮೆರಿಕದಲ್ಲಿ ಸರ್ಕಾರದ ಇಂಟರ್ನೆಟ್ ನೆರವು ಪಡೆಯುವ ಗ್ರಂಥಾಲಯಗಳಿಗೆ 2000ರ ಕಾಯ್ದೆಯೊಂದು ಫಿಲ್ಟರ್ ಕಡ್ಡಾಯ ಮಾಡಿತು. 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವಯಸ್ಕ ಓದುಗರು ಕೇಳಿದರೆ ಗ್ರಂಥಪಾಲಕರು ತಡೆ ತೆಗೆಯಬಹುದು ಎಂಬುದೂ ಅದಕ್ಕೊಂದು ಕಾರಣ.

ನಮ್ಮಲ್ಲೂ ಕೇಳಲು ಅವಕಾಶ ಬೇಕು. ಲ್ಯಾಬಿನಲ್ಲಿ ಒಂದು ನೋಟ್‌ಬುಕ್ ಇಡೋಣ. ತಡೆಯಾದ ತಾಣ ಯಾವುದು, ಯಾವ ಪಾಠಕ್ಕೆ ಬೇಕು ಎಂದಷ್ಟೇ ಬರೆಯೋಣ. ನಾಚಿಕೆಯಿಂದ ಕೇಳದೇ ಉಳಿಯುವವರಿದ್ದಾರೆ, ಹೆಸರು ಬೇಡ. ಉಪನ್ಯಾಸಕರು ಪರಿಶೀಲಿಸಿ ಮರುದಿನ ತೆರೆಯಲಿ, ಇಲ್ಲವೇ ಕಾರಣ ಬರೆಯಲಿ. ಕಾರಣ ತಿಳಿದರೆ ನಿಯಮ ಪಾಲಿಸುವುದು ನಮಗೂ ಸುಲಭ.