ಹಡಗಿನ ತಳದ ಕೊಳೆನೀರು

ಮಳೆಗಾಲದ ಅಲೆಗಳೊಡನೆ ಕಾರವಾರ ಮತ್ತು ಗೋವೆಯ ಮರಳಿನ ಮೇಲೆ ಡಾಂಬರಿನಂಥ ಕಪ್ಪು ಉಂಡೆಗಳು ಬಂದು ಬೀಳುವುದು ಕರಾವಳಿಯವರಿಗೆ ಹೊಸತಲ್ಲ. ಕಡಲಿಗೆ ಸೇರಿದ ಎಣ್ಣೆ ಗಾಳಿ, ಬಿಸಿಲು, ಅಲೆಗಳಿಗೆ ಸಿಕ್ಕಿ ಗಟ್ಟಿಯಾದ ರೂಪವದು. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಆಚೆ ಎಂ.ಎಸ್.ಸಿ. ಎಲ್ಸಾ 3 ಹಡಗು ಮುಳುಗಿದಾಗ ದೇಶವೆಲ್ಲ ಅತ್ತ ನೋಡಿತು. ಯಾವ ಹಡಗೂ ಮುಳುಗದೆ, ಯಾರ ಕಣ್ಣಿಗೂ ಬೀಳದೆ ಸಮುದ್ರ ಸೇರುವ ಎಣ್ಣೆಯ ಮಾತನ್ನು ಆಡುವವರು ವಿರಳ.

ಘಟ್ಟದ ಮೇಲಿನವರಿಗೆ ಇದರ ಗೊಡವೆ ಏಕೆ ಎನ್ನುವಂತಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ಮಂಗಳೂರಿನ ಬಂದರಿನಲ್ಲಿ ಹಡಗೇರುತ್ತದೆ. ಅದೇ ಕಡಲಿನ ಬಂಗುಡೆ, ಬೂತಾಯಿ ಘಟ್ಟ ಹತ್ತಿ ಬರುತ್ತವೆ.

ಹಡಗಿನ ಎಂಜಿನ್ ಕೋಣೆಯಲ್ಲಿ ಸೋರಿದ ಇಂಧನ, ಕೀಲೆಣ್ಣೆ, ತೊಳೆದ ನೀರು ಎಲ್ಲವೂ ತಳಭಾಗಕ್ಕೆ ಇಳಿದು ನಿಲ್ಲುತ್ತವೆ. ಇದೇ ಬಿಲ್ಜ್ ನೀರು. ಇದನ್ನು ಹೊರಚೆಲ್ಲುವ ಮುನ್ನ ಹಡಗಿನಲ್ಲೇ ಎಣ್ಣೆಯನ್ನು ಬೇರ್ಪಡಿಸಬೇಕು. ಹಳ್ಳದಲ್ಲಿ ಜೀಪು ತೊಳೆದಾಗ ನೀರಿನ ಮೇಲೆ ಹರಡುವ ಬಣ್ಣದ ಪೊರೆಯನ್ನು ಕಂಡವರಿಗೆ ಈ ಯಂತ್ರದ ತತ್ತ್ವ ಸುಲಭವಾಗಿ ತಿಳಿದೀತು. ಹಗುರವಾದ ಎಣ್ಣೆ ಮೇಲೇಳುತ್ತದೆ. ಸಣ್ಣ ಹನಿಗಳು ಒಳಗಿನ ತಗಡುಗಳಿಗೆ ತಾಗಿ, ಒಂದಕ್ಕೊಂದು ಕೂಡಿ ದೊಡ್ಡವಾಗುತ್ತವೆ. ಆದರೆ ಸಾಬೂನಿನಂಥ ಮಾರ್ಜಕ ಬೆರೆತರೆ ಎಣ್ಣೆ ನೀರಿನೊಳಗೆ ಹಾಲಿನಂತೆ ಬೆರೆತುಹೋಗುತ್ತದೆ, ಆಗ ಶೋಧಕಗಳೂ ಬೇಕಾಗುತ್ತವೆ. ಕೊನೆಯಲ್ಲೊಂದು ಮಾಪಕವುಂಟು. ಎಣ್ಣೆ ಮಿತಿ ಮೀರಿದರೆ ಎಚ್ಚರಿಕೆಯ ಗಂಟೆ ಬಾರಿಸಿ, ಕವಾಟದ ಮೂಲಕ ನೀರನ್ನು ತೊಟ್ಟಿಗೇ ಹಿಂತಿರುಗಿಸುವ ವ್ಯವಸ್ಥೆ ಅದರೊಡನಿರುತ್ತದೆ.

ಆ ಮಿತಿ, ಹತ್ತು ಲಕ್ಷ ಭಾಗಕ್ಕೆ 15 ಭಾಗ. ಅಂದರೆ ಸಾವಿರ ಲೀಟರ್ ನೀರಿನಲ್ಲಿ 15 ಮಿಲಿಲೀಟರಿನಷ್ಟು ಎಣ್ಣೆ. 1983ರಲ್ಲಿ ಜಾರಿಗೆ ಬಂದ ಮಾರ್ಪೋಲ್ ಒಪ್ಪಂದದಂತೆ 400 ಟನ್ನೇಜ್ ಮತ್ತು ಅದಕ್ಕೂ ದೊಡ್ಡ ಹಡಗುಗಳಲ್ಲಿ ಇಂಥ ಉಪಕರಣ ಇರಲೇಬೇಕು. ಎಣ್ಣೆಯ ಲೆಕ್ಕವನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು.

ಯಂತ್ರವಿದೆ, ಕಾನೂನಿದೆ. ಎರಡನ್ನೂ ಬದಿಗಿಟ್ಟು ನೀರನ್ನು ನೇರವಾಗಿ ಕಡಲಿಗೆ ಬಿಡುವ ಕಳ್ಳಕೊಳವೆಯೂ ಇದೆ. ನಾವಿಕರು ಅದಕ್ಕಿಟ್ಟ ಹೆಸರು 'ಮ್ಯಾಜಿಕ್ ಪೈಪ್'. 2013ರ ಆಗಸ್ಟ್‌ನಲ್ಲಿ ಕೆರಿಬಿಯನ್ ಪ್ರಿನ್ಸೆಸ್ ಎಂಬ ಪ್ರವಾಸಿ ಹಡಗು ಇಂಗ್ಲೆಂಡಿನ ತೀರದಾಚೆ ಸುಮಾರು 16,000 ಲೀಟರ್ ಕೊಳೆನೀರನ್ನು ಹೀಗೆ ಸುರಿಯಿತು. ಮಾಪಕವನ್ನು ವಂಚಿಸಲು ಶುದ್ಧ ಸಮುದ್ರದ ನೀರನ್ನು ಅದರ ಮೂಲಕ ಹರಿಸಲಾಗಿತ್ತು. ಹೊಸದಾಗಿ ಸೇರಿದ್ದ ಎಂಜಿನಿಯರೊಬ್ಬ ಕೊಳವೆಯನ್ನು ಕಂಡು, ಸೌತಾಂಪ್ಟನ್‌ನಲ್ಲಿ ಕೆಲಸ ತೊರೆದು, ಅಧಿಕಾರಿಗಳಿಗೆ ತಿಳಿಸಿದ. ಪ್ರಿನ್ಸೆಸ್ ಕ್ರೂಸಸ್ ಕಂಪನಿ 2016ರಲ್ಲಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. 2005ರಿಂದಲೇ ಈ ಹಡಗು ಹೀಗೆ ಅಕ್ರಮವಾಗಿ ಕೊಳೆನೀರು ಬಿಡುತ್ತಿತ್ತೆಂಬುದು ತನಿಖೆಯಲ್ಲಿ ಹೊರಬಂದಿತ್ತು. ಅಷ್ಟೂ ವರ್ಷ ದಾಖಲೆ ಪುಸ್ತಕ ಏನು ಹೇಳುತ್ತಿತ್ತೋ!

ಇಂಥ ವಂಚನೆಗೆ ಮೂಲ ಹಣ. ಶೋಧಕ ಬದಲಿಸಲು, ಬಂದರಿನಲ್ಲಿ ಕೊಳೆಯೆಣ್ಣೆಯನ್ನು ಒಪ್ಪಿಸಲು ಖರ್ಚಿದೆ. ಕಡಲಿಗೆ ಸುರಿಯಲು ಖರ್ಚಿಲ್ಲ. ಬಾಲ್ಟಿಕ್ ಸಮುದ್ರದ ದೇಶಗಳು ಇದನ್ನು ಅರಿತು, ಕೊಳೆ ಒಪ್ಪಿಸಿದರೂ ಒಪ್ಪಿಸದಿದ್ದರೂ ವಿಲೇವಾರಿಯ ಶುಲ್ಕವನ್ನು ಬಂದರಿನ ಸುಂಕದಲ್ಲೇ ಸೇರಿಸಿದವು. ಆಗ ಸುರಿದು ಉಳಿಸುವುದೇನೂ ಇರುವುದಿಲ್ಲ. ಅರಬ್ಬೀ ಸಮುದ್ರದ ಬಂದರುಗಳೆಲ್ಲವೂ ಈ ದಾರಿ ಹಿಡಿಯಬೇಕು. ಅಮೆರಿಕದ ಕಾನೂನಿನಲ್ಲಿ ಮಾಹಿತಿ ಕೊಟ್ಟವನಿಗೆ ದಂಡದ ಅರ್ಧದವರೆಗೂ ಕೊಡಲು ಅವಕಾಶವಿದೆ. ತೀರವಿರುವ ಪ್ರತಿಯೊಂದು ದೇಶದಲ್ಲೂ ಅಂಥ ನಿಯಮ ಬೇಕು. ನಡುಗಡಲಿನಲ್ಲಿ ಕಾವಲಿಗೆ ನಿಲ್ಲುವವರಾರೂ ಇಲ್ಲ. ಎಂಜಿನ್ ಕೋಣೆಯಲ್ಲಿ ಕೊಳವೆಯನ್ನು ಕಣ್ಣಾರೆ ಕಾಣುವವನು ಆ ಕಿರಿಯ ಎಂಜಿನಿಯರ್ ಒಬ್ಬನೇ.