ಏಲಕ್ಕಿಯ ಬೆಲೆಯೂ ಜಾಗತೀಕರಣದ ವಾದವೂ

ಜಾಗತೀಕರಣವು ವರವೋ ಶಾಪವೋ ಎಂಬುದು ಚರ್ಚಾಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಬರುವ ವಿಷಯ. ಒಂದು ದೇಶದ ಸರಕು, ಬಂಡವಾಳ, ತಂತ್ರಜ್ಞಾನಗಳು ಗಡಿ ದಾಟಿ ಇನ್ನೊಂದು ದೇಶದ ಬದುಕಿನೊಡನೆ ಹೆಣೆದುಕೊಳ್ಳುವುದನ್ನೇ ಜಾಗತೀಕರಣವೆನ್ನುತ್ತೇವೆ. 1991ರಲ್ಲಿ ಭಾರತವು ತನ್ನ ಆರ್ಥಿಕ ನೀತಿಯನ್ನು ಬದಲಿಸಿತು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಆರಂಭವಾಯಿತು. ಅಂದಿನಿಂದ ಈ ಹೆಣಿಗೆ ಇನ್ನಷ್ಟು ಬಿಗಿಯಾಗಿದೆ. ಆದರೆ ವರವೋ ಶಾಪವೋ ಎಂದು ಕೇಳುವುದಕ್ಕಿಂತ, ಯಾರಿಗೆ ಎಷ್ಟು ಲಾಭ, ನಷ್ಟದ ಹೊರೆ ಯಾರ ಹೆಗಲಿಗೆ ಎಂದು ಕೇಳುವುದೇ ಉಚಿತವೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಂಬಂ ಕಣಿವೆಯಲ್ಲಿಯೂ ದಿಂಡಿಗಲ್ ಸೀಮೆಯಲ್ಲಿಯೂ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ಬಂದ ಒಕ್ಕಲಿಗ, ದೇವಾಂಗ ಮನೆತನಗಳು ತಲೆತಲಾಂತರದಿಂದ ನೆಲೆಸಿವೆ. ಬೇಸಾಯ, ನೇಯ್ಗೆ, ವ್ಯಾಪಾರ ಇವರ ಕಸುಬುಗಳು. ಇಲ್ಲಿನ ಬೋಡಿನಾಯಕನೂರು ಏಲಕ್ಕಿ ವ್ಯಾಪಾರಕ್ಕೆ ಹೆಸರಾದ ಊರು. ಕೇರಳದ ಇಡುಕ್ಕಿಯ ಬೆಟ್ಟಗಳಲ್ಲಿ ಬೆಳೆದ ಏಲಕ್ಕಿ ಬೋಡಿಯಲ್ಲಿಯೂ ಗಡಿಯಾಚೆಯ ಪುಟ್ಟಡಿಯಲ್ಲಿಯೂ ಹರಾಜಾಗುತ್ತದೆ. 2007ರಿಂದ ಸಂಬಾರ ಮಂಡಳಿಯು ಈ ಹರಾಜನ್ನು ಕಂಪ್ಯೂಟರಿನ ಮೂಲಕ ನಡೆಸುವ ವ್ಯವಸ್ಥೆಯನ್ನು ತಂದಿತು. ತೇನಿ ಜಿಲ್ಲೆಯ ಹಳ್ಳಿಗಳಿಂದ ಹೆಣ್ಣಾಳುಗಳು ಬೆಳಕು ಹರಿಯುವ ಮೊದಲೇ ಜೀಪು ಹತ್ತಿ, ಘಟ್ಟವೇರಿ, ತೋಟದ ಕೆಲಸಕ್ಕೆ ಹೋಗುತ್ತಾರೆ.

ಈ ಏಲಕ್ಕಿಯ ಬೆಲೆಯನ್ನು ಬೋಡಿಯೊಂದೇ ನಿರ್ಧರಿಸುವುದಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಜರ್ಮನ್ ತೋಟಗಾರನೊಬ್ಬನು ಏಲಕ್ಕಿಯನ್ನು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶಕ್ಕೆ ಒಯ್ದನು. ನಮ್ಮ ಘಟ್ಟದ ಗಿಡ ಅಲ್ಲಿ ಹುಲುಸಾಗಿ ಬೆಳೆಯಿತು. ಇಂದು ಏಲಕ್ಕಿಯ ರಫ್ತಿನಲ್ಲಿ ಆ ದೇಶವೇ ಮುಂದು. ಅಲ್ಲಿನ ಜನ ಅದನ್ನು ತಿನ್ನುವುದು ಕಡಿಮೆ. ಬೆಳೆದುದರಲ್ಲಿ ಬಹುಪಾಲು ಅರಬ್ ದೇಶಗಳ ಕಾಫಿಗೆ ಹೋಗುತ್ತದೆ. ಗ್ವಾಟೆಮಾಲಾದಲ್ಲಿ ಬೆಳೆ ಹೆಚ್ಚಿದರೆ ಬೋಡಿಯ ವ್ಯಾಪಾರಿ ಚಿಂತಿಸುತ್ತಾನೆ. ಅಲ್ಲಿ ಬೆಳೆ ಕೆಟ್ಟರೆ ಇಲ್ಲಿನ ಅಂಗಡಿಯಲ್ಲಿ ಕಳೆ ಏರುತ್ತದೆ.

2018ರ ಆಗಸ್ಟಿನ ಮಹಾಪ್ರವಾಹವೂ ಆಮೇಲಿನ ಒಣಹವೆಯೂ ಇಡುಕ್ಕಿಯ ತೋಟಗಳನ್ನು ಹಾಳುಮಾಡಿದ ಮೇಲೆ, 2019ರ ಆಗಸ್ಟಿನಲ್ಲಿ ಪುಟ್ಟಡಿಯ ಹರಾಜಿನಲ್ಲಿ ಏಲಕ್ಕಿ ಕಿಲೋಗೆ 7,000 ರೂಪಾಯಿಯವರೆಗೆ ಏರಿತು. 2022ರಲ್ಲಿ ಸರಾಸರಿ ಬೆಲೆ ಸಾವಿರ ರೂಪಾಯಿಗೂ ಕೆಳಗೆ ಕುಸಿದಿತ್ತು. ಏಳು ಸಾವಿರದ ಕಾಲದಲ್ಲಿ ಕಾಯಿ ಬಿಡಿಸುವವಳ ಕೂಲಿ ಏಳು ಪಟ್ಟು ಏರಲಿಲ್ಲ. ಬೆಲೆ ಕುಸಿದಾಗಲಾದರೋ ತೋಟದ ಖರ್ಚು ಕಡಿತಗೊಂಡು, ಆಳಿನ ದಿನಗಳಿಗೇ ಮೊದಲು ಸಂಚಕಾರ ಬರುತ್ತದೆ. ಏರಿಕೆಯ ಪಾಲು ಕೆಳಗೆ ಇಳಿಯುವುದು ನಿಧಾನ, ಇಳಿಕೆಯ ಪೆಟ್ಟು ಬೀಳುವುದು ಬೇಗ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ.

ಹಾಗೆಂದು ಬಾಗಿಲು ಮುಚ್ಚಿಬಿಡೋಣವೆನ್ನುವುದೂ ವಿವೇಕವಲ್ಲ. ವೇಡಸಂದೂರಿನ ಸುತ್ತಣ ನೂಲಿನ ಗಿರಣಿಗಳಲ್ಲಿ ಎಷ್ಟೋ ಮನೆಗಳ ಅನ್ನವಿದೆ; ಹೊರಗಿನ ಬೇಡಿಕೆಯೂ ಆ ಗಿರಣಿಗಳನ್ನು ನಡೆಸುತ್ತದೆ. ಅದೇ ದಿಂಡಿಗಲ್ಲಿನಲ್ಲಿ ಕೈಯಿಂದ ಬೀಗ ಮಾಡುವ ಕುಶಲಕರ್ಮಿಗಳು ಯಂತ್ರದ ಅಗ್ಗದ ಬೀಗಗಳೆದುರು ಸೊರಗಿದ್ದಾರೆ. 2019ರಲ್ಲಿ ದಿಂಡಿಗಲ್ ಬೀಗಕ್ಕೆ ಭೌಗೋಳಿಕ ಗುರುತು ದೊರೆಯಿತು. ಗೌರವ ಬಂತು, ಸಂತೋಷ. ಆದರೆ ಕೊಳ್ಳುವವರು ಬಾರದೆ ಗುರುತೊಂದೇ ಹೊಟ್ಟೆ ತುಂಬಿಸದು.

ದೊಡ್ಡವರಲ್ಲಿಯೂ ಈ ಬಗ್ಗೆ ಒಮ್ಮತವಿರಲಿಲ್ಲ. ಕರ್ನಾಟಕದ ರೈತ ನಾಯಕ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ರೈತ ಸಂಘವು ಬಹುರಾಷ್ಟ್ರೀಯ ಕಂಪನಿಗಳನ್ನು ತೀವ್ರವಾಗಿ ವಿರೋಧಿಸಿ, 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಪ್ರತಿಭಟಿಸಿತು. ಅದೇ ಕಾಲದಲ್ಲಿ ಮಹಾರಾಷ್ಟ್ರದ ಶರದ್ ಜೋಶಿಯವರು ಮುಕ್ತ ಮಾರುಕಟ್ಟೆಯೇ ರೈತನಿಗೆ ನ್ಯಾಯವಾದ ಬೆಲೆ ತರುವುದೆಂದು ವಾದಿಸಿದರು. ಇಬ್ಬರೂ ರೈತನ ಹಿತವನ್ನೇ ಬಯಸಿದವರು. ಆದುದರಿಂದ ಭಿನ್ನವಾಗಿ ಯೋಚಿಸುವವರನ್ನು ಶತ್ರುಗಳೆಂದು ತಿಳಿಯದೆ ವಾದಿಸುವುದನ್ನು ವಿದ್ಯಾರ್ಥಿಗಳು ಕಲಿಯಬೇಕು.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಜಗತ್ತಿನ ಸಂತೆಗೆ ನಾವು ಬಂದಾಗಿದೆ. ಇನ್ನು ಆ ಸಂತೆಯಲ್ಲಿ ತೂಕವನ್ನೂ ಬೆಲೆಯನ್ನೂ ಪ್ರಶ್ನಿಸುವ ಶಕ್ತಿ ನಮಗೆ ಬೇಕು. ಕೀಟನಾಶಕದ ಉಳಿಕೆಯಿದೆಯೆಂದು ಸೌದಿ ಅರೇಬಿಯಾ ನಮ್ಮ ಏಲಕ್ಕಿಯನ್ನು ತಡೆಹಿಡಿದದ್ದುಂಟು. ಔಷಧಿಯ ಡಬ್ಬಿಯ ಮೇಲಿನ ಬರಹವನ್ನು ಓದಿ, ಎಷ್ಟು, ಯಾವಾಗ ಸಿಂಪಡಿಸಬೇಕೆಂದು ಅರಿತ ಕೃಷಿಕನು ಬೆಳೆಯನ್ನೂ ಉಳಿಸಿಕೊಳ್ಳುವನು, ಆಳಿನ ಆರೋಗ್ಯವನ್ನೂ ಕಾಯುವನು. ಸಣ್ಣ ಬೆಳೆಗಾರರು ಸಂಘಟಿತರಾದರೆ ಮಧ್ಯವರ್ತಿಯ ಮುಂದೆ ತಲೆಬಾಗಬೇಕಾಗಿಲ್ಲ. ಬೆಲೆ ಬಿದ್ದ ವರ್ಷ ಕೂಲಿಕಾರರ ಮನೆಗೆ ಆಸರೆಯಾಗುವ ವ್ಯವಸ್ಥೆಯನ್ನು ಸರ್ಕಾರವೂ ಮಾಡಬೇಕು.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಬೆಲೆ ಏರಿದಾಗ ಕೈಗೆ ಆಳು ಸಾಲದೆಂದು, ಬಿದ್ದಾಗ ಕೈಯಲ್ಲಿ ಕಾಸಿಲ್ಲವೆಂದು, ಎರಡು ಸಲವೂ ಮಕ್ಕಳ ಓದಿಗೆ, ಅದರಲ್ಲಿಯೂ ಹೆಣ್ಣುಮಕ್ಕಳ ಓದಿಗೆ, ಕತ್ತರಿ ಬೀಳುವುದುಂಟು. ಶಿಕ್ಷಕರಾದ ನಮಗೆ ಇದು ಬಹಳ ನೋವಿನ ಸಂಗತಿ. ಏಲಕ್ಕಿ ಒಂದು ವರ್ಷ ಕೈಕೊಟ್ಟರೆ ಇನ್ನೊಂದು ವರ್ಷ ಕೈಹಿಡಿದೀತು; ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ ಮಗಳು ಮರಳಿ ಬರುವುದು ಅಪರೂಪ. ಮನೆಯ ಕನ್ನಡ, ಬೀದಿಯ ತಮಿಳು, ಪುಸ್ತಕದ ಇಂಗ್ಲಿಷು, ಇವು ಮೂರೂ ಬಲ್ಲ ಮಗು ಜಗತ್ತಿನ ಸಂತೆಯಲ್ಲಿ ಅಷ್ಟು ಸುಲಭವಾಗಿ ಮೋಸಹೋಗದು. ಯಾವ ಬೆಲೆಯ ವರ್ಷವಾದರೂ ಆಗಲಿ, ಮಕ್ಕಳನ್ನು ಶಾಲೆ ಬಿಡಿಸಬೇಡಿ.