ಮೌನವೇ ಸ್ವಭಾವವೆ?

ವ್ಯಕ್ತಿತ್ವವನ್ನು ಅಳೆಯಲು ಮನಶ್ಶಾಸ್ತ್ರದಲ್ಲಿ ಹಲವು ವಿಧಾನಗಳಿವೆ. ಸ್ವಿಸ್ ವೈದ್ಯ ರೋರ್ಶಾಕ್ 1921ರಲ್ಲಿ ಪ್ರಕಟಿಸಿದ, ಶಾಯಿಯ ಕಲೆಗಳುಳ್ಳ 10 ಚಿತ್ರಗಳ ಪರೀಕ್ಷೆ ಪ್ರಸಿದ್ಧ. ಚಿತ್ರಕ್ಕೆ ಭಾಷೆಯಿಲ್ಲ, ನಿಜ. ಕಂಡದ್ದನ್ನು ಹೇಳಲು ಭಾಷೆ ಬೇಕಲ್ಲ!

ಶಾಲೆಯ ವಿಧಾನ ಇನ್ನೂ ಸರಳ. ಅಧ್ಯಾಪಕರು ಮಗುವನ್ನು ನೋಡಿ ಧೈರ್ಯ, ಆಸಕ್ತಿ, ಬೆರೆಯುವ ಗುಣಗಳಿಗೆ ದರ್ಜೆ ಹಾಕುತ್ತಾರೆ. ತೊಡಕಿರುವುದು ಇಲ್ಲಿಯೇ. ಸೇನಾಧಿಕಾರಿಗಳು ಕೈಕೆಳಗಿನವರಿಗೆ ಹಾಕಿದ್ದ ದರ್ಜೆಗಳನ್ನು ಪರಿಶೀಲಿಸಿದ ಅಮೆರಿಕದ ಥಾರ್ನ್‌ಡೈಕ್, ಒಟ್ಟಾರೆ ಅಭಿಪ್ರಾಯವೊಂದು ಪ್ರತಿಯೊಂದು ಗುಣದ ದರ್ಜೆಗೂ ಬಣ್ಣ ಹಚ್ಚುತ್ತದೆಂದು 1920ರಲ್ಲೇ ತೋರಿಸಿದರು.

ಗಡಿನಾಡಿನಲ್ಲಿ ಆ ಅಭಿಪ್ರಾಯ ಹುಟ್ಟುವುದು ಮಗುವಿನ ಮಾತಿನಿಂದ. ಮಹಾರಾಷ್ಟ್ರದ ನಿಲಂಗಾ ತಾಲೂಕಿನ ಕಾಸಾರಶಿರಸಿಯಲ್ಲಿ ಮನೆಮಾತು ಕನ್ನಡವಾದ ಮಗು ಮರಾಠಿ ತರಗತಿಯಲ್ಲಿ ಕುಳಿತರೂ, ನಮ್ಮ ಕಾಸರಗೋಡಿನ ಮಗು ಕನ್ನಡ ಬಾರದ ಅಧ್ಯಾಪಕರೆದುರು ಕುಳಿತರೂ ಪಾಡು ಒಂದೇ. ಮಾತು ತಡವರಿಸಿದರೆ ‘ಅಂಜುಬುರುಕ’. ಅದರ ಬೆನ್ನಿಗೇ ‘ಆಸಕ್ತಿಯಿಲ್ಲ’, ‘ಬೆರೆಯುವುದಿಲ್ಲ’. ಅದೇ ಮಗುವಿನ ಬಾಯನ್ನು ಯಕ್ಷಗಾನದ ಚೌಕಿಯಲ್ಲಿ ಕೇಳಬೇಕು!

ಹೆತ್ತವರು ಇಂತಹ ದರ್ಜೆಗೆ ಸುಮ್ಮನೆ ಸಹಿ ಹಾಕಬಾರದು. ಮಗುವನ್ನು ಯಾವ ಭಾಷೆಯಲ್ಲಿ ಮಾತಾಡಿಸಿ ನೋಡಿದಿರಿ ಎಂದು ಕೇಳಬೇಕು. ಮನೆಮಾತು ಬಲ್ಲ ಅಧ್ಯಾಪಕರೊಬ್ಬರು ಆಟದ ಬಯಲಿನಲ್ಲೂ ನೋಡಿದ ಮೇಲೆಯೇ ದರ್ಜೆ ಬರೆಯುವಂತೆ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಒತ್ತಾಯಿಸಬೇಕು.